ಮಾಳವ್ವನ ಫೋಟೋ, ನೀಲವ್ವನ ಹಾರ

ಈಚೆಗೆ ಖಾನಾಪುರದಲ್ಲಿ ವಯಸ್ಸಾದ ಹೆಂಗಸೊಬ್ಬರು ನನಗೆ ಚಹಾ ಕೊಟ್ಟರು. ನಾನು ಕುಳಿತಿದ್ದ ಕುರ್ಚಿಯ ಎದುರಿನ ಗೋಡೆಯ ಮೇಲೆ ಅವರ ಫೋಟೋ ಇತ್ತು. ಫೋಟೋಗೆ ಹಾರ ಹಾಕಿತ್ತು. ಆ ಹಾರವನ್ನು ಅವತ್ತು ಬೆಳಿಗ್ಗೆ ಹಾಕಿದವರೂ ಅವರೇ.

ಚಹಾ ಚೆನ್ನಾಗಿತ್ತು. ಸಕ್ಕರೆ ಮಾತ್ರ ತುಸು ಹೆಚ್ಚು.

(ಹಿಂದೊಮ್ಮೆ ಇದೇ ಅಂಕಣದಲ್ಲಿ ಒಂದು ಪ್ರಸಂಗವನ್ನು ಕೊನೆಯಿಂದ ಮೊದಲಿಗೆ ಬರೆದಿದ್ದೆ. ಪೇಪರನ್ನು ತಲೆಕೆಳಗಾಗಿ ಹಿಡಿದು ಓದಿದರೂ ಅರ್ಥವಾಗಲಿಲ್ಲ ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದಿರಿ. ಆದ್ದರಿಂದ ಈ ಸಲ ಮೊದಲಿನಿಂದಲೇ ಹೇಳುತ್ತೇನೆ.)

ಬೆಳಗಾವಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಶೈಲಜಾ ನನ್ನ ಹಳೆಯ ಗೆಳತಿ. ರಜೆ ಬಂತೆಂದರೆ ಅವರು ಖಾನಾಪುರ ತಾಲೂಕು ಸುತ್ತುತ್ತಾರೆ. ಜನರ ಮನೆಗೆ ಹೋಗಿ ಗೋಡೆ ನೋಡುತ್ತಾರೆ. ಹಳೆಯ ಸ್ಟುಡಿಯೋ ಫೋಟೋ ಕಂಡರೆ ಕೇಳಿ ಇಳಿಸಿಕೊಂಡು, ಕಾಪಿ ತೆಗೆಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿ ಬರುತ್ತಾರೆ. ಕುರಿಗಾರರು, ರೈತರು, ಬಜಾರದ ಮುಸ್ಲಿಂ ವ್ಯಾಪಾರಿಗಳು, ದರ್ಜಿಗಳು, ಸ್ಟೇಷನ್ನಿನ ಹಮಾಲರು. ಬಹುತೇಕ ಎಲ್ಲರೂ ಖಾನಾಪುರದ ಒಂದೇ ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡ ಫೋಟೋಗಳು. ಅವನ್ನು ದೊಡ್ಡದು ಮಾಡಿಸಿ ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನಕ್ಕೆ ಇಡಬೇಕೆಂದು ಅವರ ಆಸೆ. ಪ್ರತಿಯೊಂದು ಫೋಟೋದ ಕೆಳಗೆ ನಾಲ್ಕು ಸಾಲು ಬರೆಯಲು ನಾನು.

ಮಹಾಂತೇಶ ನಗರದ ನಮ್ಮ ಮನೆಗೆ ಫೋಟೋಗಳ ಪೆಟ್ಟಿಗೆ ಹೊತ್ತು ಬಂದವರು ಚಪ್ಪಲಿ ಬಿಡುವ ಮೊದಲೇ ಷರತ್ತು ಹಾಕಿದರು.

"ನೋಡ್ರಿ, ಕತೀ ಬರೀಬ್ಯಾಡ್ರಿ. ಹೆಸರು, ಊರು, ಸಮಾಜ, ಸುಮಾರು ಯಾವ ಕಾಲ. ಇಷ್ಟ ಸಾಕು. ಮಂದಿ ಓದಿ ಮುಂದ ಹೋಗಬೇಕು, ನಿಂತು ತಲಿ ಕೆರಕೋಬಾರ್ದು."

ನಾನು ಫೋಟೋಗಳನ್ನು ನೆಲದ ಮೇಲೆ ಹರಡಿ ನೋಡಿದೆ. ಗಂಡಸರೆಲ್ಲ ಒಂದೇ ಕೋಟು ತೊಟ್ಟಿದ್ದರು. ಒಂದೇ ತರಹದ ಕೋಟಲ್ಲ, ಅದೇ ಕೋಟು. ಎಡಗಡೆಯ ಜೇಬಿನ ಕೆಳಗೆ ಅದೇ ಕಲೆ. ಕುರಿಗಾರ ಅದನ್ನು ಧೋತರದ ಮೇಲೆ ತೊಟ್ಟಿದ್ದ, ಅತ್ತರು ಮಾರುವವ ಪೈಜಾಮದ ಮೇಲೆ, ಹಮಾಲ ಬರಿಗಾಲಿನ ಮೇಲೆ. ಎಲ್ಲರ ಕೈಯಲ್ಲೂ ಅದೇ ನಿಂತುಹೋದ ಗಡಿಯಾರ. ಇಡೀ ತಾಲೂಕು ಒಂದೇ ಗಳಿಗೆಯಲ್ಲಿ ಫೋಟೋ ತೆಗೆಸಿಕೊಂಡಂತಿತ್ತು. ಹೆಂಗಸರ ಬಾಜುವಿಗೆ ಅದೇ ದುಂಡು ಮೇಜು, ಅದೇ ಕಾಗದದ ಹೂವು. ಹಿಂದೆ ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು. ಆ ಮೆಟ್ಟಿಲ ಮುಂದೆ ನಿಲ್ಲದವರಿಲ್ಲ. ಹತ್ತಿದವರೂ ಇಲ್ಲ.

"ಇವರೆಲ್ಲರದೂ ಕೋಟಿನ ಸಮಾಜ ಅಂತ ಬರೆಯಲೇ?" ಎಂದೆ.

"ಬರೀರಿ. ನಾ ಅಳಸ್ತೀನಿ" ಅಂದರು ಶೈಲಜಾ.

ಆ ರಾಶಿಯಲ್ಲಿ ಒಂದು ಫೋಟೋ ನನ್ನನ್ನು ಹಿಡಿದು ನಿಲ್ಲಿಸಿತು. ಎಳೆಯ ವಯಸ್ಸಿನ ಹೆಣ್ಣುಮಗಳು. ಚೌಕಳಿ ಸೀರೆ, ತಲೆಯ ಮೇಲೆ ಸೆರಗು, ಮೂಗಿನಲ್ಲಿ ನತ್ತು. ಒಂದು ಕೈ ಮೇಜಿನ ಮೇಲೆ. ಕಣ್ಣು ಕ್ಯಾಮೆರಾವನ್ನು ದಾಟಿ ಎಲ್ಲೋ ನೋಡುತ್ತಿತ್ತು.

"ಇವರು ನೀಲವ್ವ. ಕುರಿ ಕಾಯೋ ಮನೆತನ. ಮಗಾ ಅಂಬೆಗಾಲಿಡೂವಾಗನ ತೀರ್ಕೊಂಡ್ರಂತ."

ನಾನು ಕೂಡಲೇ ಬರೆದೆ: "ಬರಲಿರುವ ಸಾವು ಗೊತ್ತಿದೆ ಎಂಬಂತೆ ಈ ಕಣ್ಣುಗಳು ನಮ್ಮನ್ನು ದಾಟಿ ನೋಡುತ್ತಿವೆ." ಅಳಿಸುತ್ತೇನೆ ಎಂದಿದ್ದ ಶೈಲಜಾ ಓದಿ ಅಳಿಸಲಿಲ್ಲ. ಆಮೇಲೆ, ಆಮಂತ್ರಣ ಪತ್ರಿಕೆಯ ಮೇಲೂ ಇದೇ ಫೋಟೋ ಹಾಕಿಸೋಣ ಎಂದರು.

ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಇಸ್ತ್ರಿ ಮಾಡಿ ಮಡಚಿಟ್ಟ ನೆನಪು ಕಂಡರಂತೂ ದೂರ ಸರಿಯುತ್ತೇನೆ. ಆದರೆ ನಾನೇ ಬರೆದ ವಾಕ್ಯ ಕಂಡರೆ ಹತ್ತಿರ ಹೋಗುತ್ತೇನೆ. ಅದು ಬೇರೆ ರೋಗ.

"ಪೂರ್ತಿ ಹೆಸರು, ತೀರಿಕೊಂಡ ವರ್ಷ ಕೇಳ್ಕೊಂಡು ಬರ್ರಿ. ಮನಿಯವರ ಒಪ್ಪಿಗಿನೂ ಬೇಕು" ಎಂದು ಶೈಲಜಾ ನನ್ನನ್ನು ಖಾನಾಪುರದ ಬಸ್ಸು ಹತ್ತಿಸಿದರು.

ನೀಲವ್ವನ ಒಬ್ಬನೇ ಮಗ ಬೀರಪ್ಪ. ಈಗ ಪ್ರಾಥಮಿಕ ಶಾಲೆಯ ಮಾಸ್ತರರು, ಮೀಸೆಯಲ್ಲಿ ಬಿಳಿ ಕೂದಲು. ಅಜ್ಜನ ಕಾಲದ ಕುರಿಗಳು ಮನೆಯಲ್ಲಿಲ್ಲ. ಕಂಬಳಿ ಇದೆ. ಅದನ್ನು ಮಡಚಿ ನನಗೆ ಕುರ್ಚಿಯ ಮೇಲೆ ಹಾಸಿದರು.

"ಬರ್ರಿ ಸರ, ಕುಂದರ್ರಿ. ಫ್ಯಾನಿನ ಕೆಳಗ ಕುಂದರ್ರಿ. ಕರೆಂಟ್ ಬಂದ್ರ ತಿರಗತೈತಿ."

ಎದುರಿನ ಗೋಡೆಯ ಮೇಲೆ ಎರಡು ಫೋಟೋ. ಎಡಗಡೆ ಬೀರಪ್ಪನ ತಂದೆ, ಸ್ಟುಡಿಯೋದ ಕೋಟಿನಲ್ಲಿ. (ಕೋಟಿನ ಗುರುತು ಹತ್ತಿತು. ಮನುಷ್ಯರ ಗುರುತು ಆಮೇಲೆ.) ಬಲಗಡೆ ಚೌಕಳಿ ಸೀರೆಯ ನೀಲವ್ವ, ಗಾಜಿನ ಮೇಲೆ ಕುಂಕುಮ, ತಾಜಾ ಹಾರ.

ಬಂದ ಕೆಲಸ ಹೇಳಿದೆ. ಬೀರಪ್ಪನಿಗೆ ಖುಷಿಯಾಯಿತು.

"ಕಾರ್ಡಿನ ಮ್ಯಾಲೂ ನಮ್ಮವ್ವನ ಫೋಟೋ ಬರತೈತೇನ್ರಿ?"

"ಮೇಲೆಯೇ."

ಅವರು ಗೋಡೆಯ ಕಡೆ ತಿರುಗಿದರು. "ನನಗ ಆಕಿ ಮಾರಿ ನೆನಪಿಲ್ರಿ ಸರ. ಖರೇ ಹೇಳ್ತೀನಿ, ಈ ಫೋಟೋನ ನನ್ನ ನೆನಪು. ಪರೀಕ್ಷಾ ಇದ್ರ ಇದಕ್ಕ ಕೈ ಮುಗದು ಹೋಗತಿದ್ದೆ. ಈಗೂ ಪಗಾರ ಆದ ದಿನ ಮೊದಲ ಇಲ್ಲೇ ಬಂದು ನಿಂದರ್ತೀನಿ. ಇದೊಂದು ಇರಲಿಲ್ಲ ಅಂದ್ರ ನನಗ ಅವ್ವ ಅಂದ್ರ ಏನೂ ಇಲ್ಲ."

ನಾನು ಪೆನ್ನು ತೆಗೆದೆ. "ಹೆಸರಿನ ಹಿಂದೆ ದಿವಂಗತ ಅಂತ ಹಾಕುತ್ತೇವೆ. ತೀರಿಕೊಂಡದ್ದು ಯಾವ ವರ್ಷ?"

"ದಿವಂಗತ ಹಾಕಬ್ಯಾಡ್ರಿ" ಎಂದು ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು.

ಚಹಾ ಹಿಡಿದು ಬಂದವರು ಮಾಳವ್ವ. ನೀಲವ್ವನ ತಂಗಿ. ಅಕ್ಕ ಸತ್ತ ಮೇಲೆ ಭಾವನನ್ನೇ ಮದುವೆಯಾಗಿ ಈ ಮನೆಗೆ ಬಂದು ಬೀರಪ್ಪನನ್ನು ಸಾಕಿದವರು. ಅವರಿಗೆ ಬೇರೆ ಮಕ್ಕಳಿಲ್ಲ. ಬೀರಪ್ಪ ಅವರನ್ನು ಕರೆಯುವುದು ಚಿಗವ್ವ ಎಂದು. (ಅವ್ವ ಎಂಬ ಮಾತು ಆಗಲೇ ಗೋಡೆಗೆ ಸಂದಿತ್ತು.)

"ಯಾಕ ಚಿಗವ್ವ?"

"ಅದು ನಾನು."

"ಯಾವುದು?"

"ಗ್ವಾಡಿ ಮ್ಯಾಲಿಂದು. ಚಾ ಆರತೈತಿ, ಕುಡಿ ತಮ್ಮಾ." ಕೊನೆಯ ಮಾತು ನನಗೆ.

ನಾನು ಚಹಾ ಕುಡಿದೆ.

ಮಾಳವ್ವ ಹೊಸ್ತಿಲ ಮೇಲೆ ಕೂತು, ಸಂತೆಯಿಂದ ಏನು ತಂದೆ ಎಂದು ಹೇಳುವ ದನಿಯಲ್ಲಿ ಹೇಳಿದರು. "ಅಕ್ಕ ಸತ್ತಾಗ ಆಕಿದು ಒಂದೂ ಫೋಟೋ ಇರಲಿಲ್ಲ. ನಮ್ಮಪ್ಪ ನನ್ನ ಸ್ಟುಡಿಯೋಕ ಕರಕೊಂಡು ಹೋದ. ಅಕ್ಕನ ಇಳಕಲ್ ಸೀರಿ ಉಡಿಸಿ, ಆಕಿ ನತ್ತು ಇಟ್ಟು, 'ನೀಲಿ ಆಗಿ ಕುಂದ್ರು' ಅಂದ. ಕುಂತೆ. ಆಮ್ಯಾಲೆ ನನ್ನ ಸೀರಿ ಉಟಗೊಂಡು ಮತ್ತೊಂದು ತಗಸಿಕೊಂಡೆ. ಅಲ್ಲಿ ಹಂಗ ಪದ್ಧತಿ. ಮನೀಗೆ ಬಂದದ್ದು ಎರಡನೇದು. ಚೌಕಳಿ ಸೀರಿ ನಂದು. ಅಕ್ಕನ ಹಂತ್ಯಾಕ ಚೌಕಳಿ ಇರಲೇ ಇಲ್ಲ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಬೀರಪ್ಪನ ದನಿ ಸಣ್ಣದಾಗಿತ್ತು.

"ನಾ ಲಗ್ನಾಗಿ ಈ ಮನೀಗೆ ಬರೂದರಾಗ ನೀ ಅದಕ್ಕ ಅವ್ವ ಅನ್ನಾಕತ್ತಿದ್ದಿ. ಏನಂತ ಹೇಳಲಿ?"

"ಮತ್ತ ಈಗ ಯಾಕ ಹೇಳಿದಿ?"

"ಮನ್ಯಾಗ ಸತ್ತದ್ದು ನಡೀತು. ಬೆಳಗಾವ್ಯಾಗೂ ಸಾಯಿ ಅಂದ್ರ ಹೆಂಗ? ಅಲ್ಲಿ ನಮ್ಮ ತವರಮನಿ ಮಂದಿ ಅದಾರ. ನಾ ಅವರ ಮನೀ ಮದವೀಗೆ ಹೋಗಬೇಕು, ಬರಬೇಕು."

ಬೀರಪ್ಪ ಎದ್ದು ನಿಂತರು. "ನಾ ಸಣ್ಣಾಂವ ಇದ್ದಾಗ ಜ್ವರ ಬಂದ್ರ ಇದರ ಮುಂದ ಹಾಸಿ ಮಲಗಸ್ತಿದ್ದಿ. ನಿಮ್ಮವ್ವ ನೋಡಾಕತ್ತಾಳ, ಮಲಗು ಅಂತಿದ್ದಿ. ಅದು ಸುಳ್ಳೇನು ಹಂಗಾದ್ರ?"

"ನೋಡಾಕತ್ತಿದ್ದೆನಲ್ಲೋ. ಬಾಜೂಕ ಕುಂತಿದ್ದೆ."

ಇಂಥ ಕಡೆ ಅಂಕಣಕಾರರು ಏನಾದರೂ ಕೇಳಬೇಕು. ನಿಮ್ಮ ಯಜಮಾನರಿಗೆ ಗೊತ್ತಿತ್ತೇ ಎಂದು ಕೇಳಿದೆ.

"ಮೊಳಿ ಹೊಡದವರು ಅವರ. ಗೊತ್ತಿಲ್ದ ಏನು? ಏನೂ ಅನ್ನಲಿಲ್ಲ." ಮಾಳವ್ವ ತಲೆ ಎತ್ತಿ ಅಕ್ಕಪಕ್ಕದ ಎರಡೂ ಫೋಟೋ ನೋಡಿದರು. "ನಮ್ಮಿಬ್ಬರದು ಜೋಡಿ ಫೋಟೋ ಇಲ್ಲ ಅಂತಾರ ಮಂದಿ."

ಬೀರಪ್ಪನಿಗೆ ತಟ್ಟನೆ ಒಂದು ಆಧಾರ ಸಿಕ್ಕಿತು. "ನತ್ತು? ಫೋಟೋದಾಗ ನತ್ತು ಐತೆಲ್ಲ. ಆವಾಗ ನಿನ್ನ ಲಗ್ನ ಆಗಿರಲಿಲ್ಲ. ಲಗ್ನ ಆಗದ ಹುಡಿಗಿ ಮೂಗಿನ್ಯಾಗ ನತ್ತು ಎಲ್ಲಿಂದ ಬಂತು?"

"ಅದು ನನಗ ಗೊತ್ತಿಲ್ಲಪ. ನಾ ಎರಡನೇ ಸಲ ಕುಂತಾಗ ಇರಲಿಲ್ಲ."

"ನಿನಗ ನಿಂದ ಒಂದು ಫೋಟೋ ಬೇಕಾದ್ರ ಹಂಗ ಹೇಳು. ವೋಟರ್ ಕಾರ್ಡಿನ್ಯಾಗ ಐತಿ, ದೊಡ್ಡದು ಮಾಡಸ್ತೀನಿ."

"ಅದರಾಗ ನಾನೂ ಇಲ್ಲ, ಅಕ್ಕನೂ ಇಲ್ಲ. ಯಾವುದೋ ಕರಡಿ ಐತಿ."

ಬೀರಪ್ಪ ಅಂಗಿ ತೊಟ್ಟರು. "ನಡೀರಿ ಸರ, ಸ್ಟುಡಿಯೋದಾಗ ಕೇಳೂಣು." ಮಾಳವ್ವ ಒಲೆ ಆರಿಸಿ, ಸೆರಗು ಸರಿ ಮಾಡಿಕೊಂಡು, ನಮಗಿಂತ ಮೊದಲೇ ಅಂಗಳ ದಾಟಿದರು.

ಸ್ಟುಡಿಯೋ ಸ್ಟೇಷನ್ ರಸ್ತೆಯಲ್ಲಿದೆ. ಬೋರ್ಡಿನ ಮೇಲೆ ಅದರ ಹೆಸರು ಮಾಸಿ, ಈಗ ಬರಿಯ 'ಸ್ಟುಡಿಯೋ' ಉಳಿದಿದೆ. ನಡೆಸುವವರು ಇಕ್ಬಾಲ್, ಅದನ್ನು ತೆರೆದ ಹಿರಿಯರ ಮಗ. ಪಾಸ್‌ಪೋರ್ಟ್ ಸೈಜು, ಮದುವೆಯ ವಿಡಿಯೋ, ಮಧ್ಯೆ ಮಧ್ಯೆ ಝೆರಾಕ್ಸ್. ನಾವು ಹೋದಾಗ ಒಬ್ಬನನ್ನು ಸ್ಟೂಲಿನ ಮೇಲೆ ಕೂರಿಸಿ, "ನಗಬ್ಯಾಡ್ರಿ, ಸರಕಾರಿ ಕೆಲಸದ್ದು" ಎಂದು ಗದರುತ್ತಿದ್ದರು. ಒಳಗೆ ಮೊಳೆಗೆ ಕೋಟು ತೂಗುತ್ತಿತ್ತು. ಕಲೆ ಇತ್ತು. ನಾನು ಮುಟ್ಟಿ ನೋಡಿದೆ. ತಾಲೂಕಿನ ಗಂಡಸರೆಲ್ಲರ ಹೆಗಲು ಮುಟ್ಟಿದಂತಾಗಲಿಲ್ಲ. ಧೂಳು ಹತ್ತಿತು.

ಬೀರಪ್ಪ ವಿಷಯ ಹೇಳಿದರು. ಇಕ್ಬಾಲ್‌ಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ಬದಲಿ ಕೂಡಿಸೋದು. ನಮ್ಮ ಅಬ್ಬಾ ಭಾಳ ಮಾಡ್ಯಾರ್ರಿ ಸರ. ಫೋಟೋ ಇಲ್ದ ಯಾರರ ಹೋಗಿಬಿಟ್ರ, ಅಕ್ಕನ ಬದಲಿ ತಂಗಿ, ಅಪ್ಪನ ಬದಲಿ ಮಗಾ, ಯಾರ ಮಾರಿ ಹೊಂದತೈತಿ ಅವರನ್ನ ಕರಕೊಂಡು ಬರ್ತಿದ್ರು. ಎಲ್ಲಾ ಜಾತಿಯವರೂ. ಹಾರ ಹಾಕೋವ್ರೂ, ಹಾರ ಹಾಕದವ್ರೂ."

"ಎರಡನೇ ಫೋಟೋ ಯಾಕೆ?"

"ಅದು ಅಬ್ಬಾನ ಕಾಯಿದೆ. ಸತ್ತವರ ಹೆಸರಿನ್ಯಾಗ ಕುಂತವರು ಹಂಗ ಎದ್ದು ಮನೀಗೆ ಹೋಗಬಾರ್ದು. ತಮ್ಮ ಅರಿವಿ ಹಾಕ್ಕೊಂಡು, ತಮ್ಮ ಹೆಸರು ಜೋರಾಗಿ ಹೇಳಿ, ಮತ್ತೊಮ್ಮೆ ಕೂಡಬೇಕು. ಅದಕ್ಕ ರೊಕ್ಕ ಇಲ್ಲ. ಪ್ರಿಂಟೂ ಇಲ್ಲ."

"ಪ್ರಿಂಟ್ ಹಾಕದ ಫೋಟೋ ತೆಗೆದು ಏನು ಪ್ರಯೋಜನ?"

"ಅದು ನೋಡಾಕ ಅಲ್ಲ ಸರ. ವಾಪಸ್ ಬರಾಕ."

ಯಾರೂ ಓದದ ಕವಿತೆ ಬರೆಯುವವರನ್ನು ಬಲ್ಲೆ, ಅವರಲ್ಲಿ ನಾನೂ ಒಬ್ಬ. 'ವಾಪಸ್ ಬರಾಕ' ಎಂಬ ಕಾರಣ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬದಲಿ ಕೂತವರ ಗಾಜಿನ ಪ್ಲೇಟುಗಳನ್ನು ಇಕ್ಬಾಲ್‌ರ ತಂದೆ ಬೇರೆಯವರ ಜೊತೆ ಬೆರೆಸುತ್ತಿರಲಿಲ್ಲ. ಎರಡೆರಡನ್ನು ಕೂಡಿಸಿ ಕಾಗದ ಸುತ್ತಿ ಅಟ್ಟದ ಮೇಲಿನ ಒಂದು ಡಬ್ಬಿಯಲ್ಲಿ ಇಡುತ್ತಿದ್ದರು. ಡಬ್ಬಿ ಇಳಿಯಿತು. ಒಂದೊಂದೇ ಜೋಡಿಯನ್ನು ಬಲ್ಬಿಗೆ ಹಿಡಿದು ನೋಡಿದೆವು. ಕಪ್ಪು ಬಿಳಿ ಅದಲುಬದಲಾದ ಮುಖಗಳು. ಒಂದರಲ್ಲಿ ಸತ್ತವರು, ಇನ್ನೊಂದರಲ್ಲಿ ಅವರೇ ಬದುಕಿದವರು.

"ಇದು ನಾನು" ಅಂದರು ಮಾಳವ್ವ.

ಚೌಕಳಿ ಸೀರೆ. ಗೋಡೆಯ ಮೇಲಿದ್ದ ಅದೇ ಮುಖ, ಅದೇ ಕೈ. ಮೂಗು ಬರಿದು.

ಬೀರಪ್ಪ ಪ್ಲೇಟನ್ನು ಕಣ್ಣಿಗೆ ತೀರ ಹತ್ತಿರ ಹಿಡಿದರು. ದೂರ ಹಿಡಿದರು. ನತ್ತು ಎಲ್ಲಿಯೂ ಇರಲಿಲ್ಲ.

"ಪ್ರಿಂಟಿನ ಮ್ಯಾಲ ಅಬ್ಬಾ ಬ್ರಷ್‌ಲೇ ಬರದಾರ" ಅಂದರು ಇಕ್ಬಾಲ್, ತಪ್ಪೊಪ್ಪಿಗೆಯೂ ಅಲ್ಲದ ಹೆಮ್ಮೆಯೂ ಅಲ್ಲದ ದನಿಯಲ್ಲಿ.

"ಯಾಕ? ಇನ್ನೊಂದು ಇತ್ತಲ್ಲ?"

ಇಕ್ಬಾಲ್ ಇನ್ನೊಂದನ್ನು ಬಲ್ಬಿಗೆ ಹಿಡಿದರು. ಇಳಕಲ್ ಸೀರೆಯ ಸೆರಗು ಎಳೆ ಎಳೆಯಾಗಿ ಕಾಣುತ್ತಿತ್ತು. ಕೈಬಳೆ ಎಣಿಸಬಹುದಿತ್ತು. ಮುಖ ಮಾತ್ರ ಅಲುಗಿಬಿಟ್ಟಿತ್ತು. ಅಲ್ಲೊಂದು ಕಣ್ಣು, ಇಲ್ಲೊಂದು ಕಣ್ಣು, ನಡುವೆ ಮಂಜು. ನತ್ತು ಅಡ್ಡಕ್ಕೆ ಎಳೆದ ಗೆರೆಯಾಗಿತ್ತು.

"ಇದನ್ನ ಹೆಂಗ ಕೊಡತಾರ್ರಿ ಮನೀಗೆ?"

"ಮತ್ತೊಮ್ಮೆ ಕೂಡಿಸಿ ತೆಗೆಯಬಹುದಿತ್ತಲ್ಲ" ಅಂದೆ.

"ಒಬ್ಬರನ್ನ ಎರಡ ಸಲ ಸತ್ತವರಾಗಿ ಕೂಡಸ್ತಿರಲಿಲ್ಲ ಅಬ್ಬಾ. ಅದೂ ಕಾಯಿದೆ."

ಹಾಗೆ, ಒಂದು ಕಾಯಿದೆ ಮುರಿಯಬಾರದೆಂದು ಇನ್ನೊಂದು ಕಾಯಿದೆ ಮುರಿದಿದ್ದರು. ವಾಪಸ್ ಬರಲು ತೆಗೆದ ಫೋಟೋಗೆ ನತ್ತು ಬರೆದು ಸತ್ತವರ ಮನೆಗೆ ಕಳಿಸಿದ್ದರು. ಬಹಳ ಯೋಚಿಸಿ, ಬಹಳ ಎಚ್ಚರಿಕೆಯಿಂದ ಮಾಡಿದ ತಪ್ಪು. ನಾವು ನೀವು ಮಾಡುವವು ಬಹುತೇಕ ಇಂಥವೇ ಅಲ್ಲವೇ?

ಯಾಕೆ ಅಲುಗಿದಿರಿ ಎಂದು ಮಾಳವ್ವನನ್ನು ಕೇಳಿದೆ.

"ನತ್ತು ಚುಚ್ಚತಿತ್ತು."

(ವಾಪಸು ಬರುವಾಗ ದಾರಿಯಲ್ಲಿ ಬೇರೆ ಕಾರಣ ಹೇಳಿದರು: ಕೂಸು ಬೀರಪ್ಪ ಹೊರಗೆ ಯಾರದೋ ಕಂಕುಳಲ್ಲಿ ಕೂತು ಒಂದೇ ಸಮನೆ ಅಳುತ್ತಿತ್ತು, ಅದಕ್ಕೆ ತಿರುಗಿದೆ ಎಂದು. ಆಮೇಲೆ ಬೆಳಗಾವಿಗೆ ಬಂದಾಗ ಶೈಲಜಾಗೆ, ಫೋಟೋ ತೆಗೆಯುವ ಸಾಹೇಬರ ಟೋಪಿ ಜಾರಿದ್ದು ನೋಡಿ ನಗು ಬಂತು ಎಂದರು. ಬೀರಪ್ಪ ನಂಬಿರುವುದು ಎರಡನೆಯದನ್ನು. ನಾನಾದರೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ.)

"ಚೌಕಳಿ ಸೀರೆಯಲ್ಲಿ ಕೂತಾಗ ಎಲ್ಲಿ ನೋಡ್ತಿದ್ರಿ?" ಇದನ್ನು ಕೇಳಿದ್ದು ನನ್ನ ಸ್ವಾರ್ಥಕ್ಕೆ. ನನ್ನ ವಾಕ್ಯ ಇನ್ನೂ ಕಿಸೆಯಲ್ಲಿತ್ತು.

"ಬಾಗಲಾ. ಮನೀಗೆ ಯಾವಾಗ ಬಿಡ್ತಾರೋ ಅಂತ."

ಬರಲಿರುವ ಸಾವು ಅಲ್ಲಿಗೆ ತೀರಿಕೊಂಡಿತು.

ಬೀರಪ್ಪ ಮಾತ್ರ ಅಲುಗಿದ ಪ್ಲೇಟನ್ನು ಇಕ್ಬಾಲ್‌ರ ಕೈಯಿಂದ ತೆಗೆದುಕೊಂಡು ಹಿಡಿದೇ ಇದ್ದರು. ಈಗ ಅವರು ಆ ಮಂಜು ಮುಖವನ್ನು ನೋಡಿ, ನನ್ನ ನೆನಪಿನಲ್ಲೂ ಅವ್ವ ಹೀಗೇ ಇದ್ದಾಳೆ ಎಂದಿದ್ದರೆ ಈ ಅಂಕಣ ಎಷ್ಟು ಚಂದ ಮುಗಿಯುತ್ತಿತ್ತು. ಅವರು ಹಾಗೆ ಹೇಳಲಿಲ್ಲ.

"ಇದರಾಗ ಮಾರಿನ ಇಲ್ಲಲ್ರಿ" ಅಂದರು. "ಕುಂಕುಮ ಎಲ್ಲಿ ಹಚ್ಚೂದು?"

ಇಕ್ಬಾಲ್ ಕರವಸ್ತ್ರದಿಂದ ಇನ್ನೊಂದು ಪ್ಲೇಟು ಒರೆಸತೊಡಗಿದರು. ಹೊರಗೆ ಯಾರೋ ಝೆರಾಕ್ಸ್ ಐತೇನ್ರಿ ಎಂದು ಕೇಳಿ, ಉತ್ತರ ಬರದೆ ಹೋದರು.

ಮಾಳವ್ವ ಬೀರಪ್ಪನ ಹತ್ತಿರ ಸರಿದರು. "ಮಾರಿ ನೋಡಬ್ಯಾಡೋ. ಅದು ಹೆಂಗಿದ್ರೂ ನಂದ. ಸೀರಿ ನೋಡು. ಅದು ಖರೇ ಆಕಿದು. ಬಳಿ ಆಕಿವು, ನತ್ತು ಆಕಿದು. ನಿನ್ನ ಎತಗೊಂಡಾಗ ಈ ಬಳಿ ನಿನ್ನ ಬೆನ್ನಿಗೆ ಒತ್ತಿ ಗೆರಿ ಬೀಳತಿದ್ದವು. ಅಷ್ಟರ ನೋಡು."

ಬೀರಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಇಕ್ಬಾಲ್‌ಗೆ, "ಇದರದು ಒಂದು ಪ್ರಿಂಟ್ ಹಾಕಿ ಕೊಡ್ರಿ" ಎಂದರು. ಚಿಗವ್ವನ ಕಡೆ ನೋಡಲಿಲ್ಲ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ನಮ್ಮ ಮನೆಗಳ ಗೋಡೆ ನೆನಪಿಗೆ ಬಂತು. ಯಾರಾದರೂ ತೀರಿಕೊಂಡ ಮನೆಯಲ್ಲಿ ಅಳು ನಿಂತ ಮೇಲೆ ಮೊದಲು ಕೇಳುವ ಮಾತು ಯಾವುದು? "ಒಂದು ಛಲೋ ಫೋಟೋ ಐತೇನು?" ಇರುವುದಿಲ್ಲ. ಯಾವುದೋ ಮದುವೆಯ ಗ್ರೂಪ್ ಫೋಟೋ ಹುಡುಕುತ್ತೇವೆ. ಅದರಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸುತ್ತೇವೆ. ಹೆಗಲ ಮೇಲೆ ಯಾರದೋ ಬೆರಳು ಉಳಿದಿರುತ್ತದೆ. ನಮ್ಮ ತಂದೆಯ ಫೋಟೋದಲ್ಲಿ ಒಂದು ತುಂಡು ವ್ಯಾನಿಟಿ ಬ್ಯಾಗ್ ಇದೆ, ಯಾರದೆಂದು ಈವರೆಗೆ ತಿಳಿದಿಲ್ಲ. ವರ್ಷಕ್ಕೊಮ್ಮೆ ಅದಕ್ಕೂ ಗಂಧ ಹಚ್ಚುತ್ತೇವೆ. ಎಂಥ ಶಾಂತ ಮುಖ ಎಂದು ಬಂದವರು ಹೇಳುತ್ತಾರೆ. ಅವರು ಆಗ ಊಟದ ಪಂಕ್ತಿಗೆ ಕಾಯುತ್ತಿದ್ದರು, ಅಷ್ಟೇ.

ಶೈಲಜಾಗೆ ಎಲ್ಲ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತರು.

"ಹೆಸರು ಕೇಳ್ಕೊಂಡು ಬರ್ರಿ ಅಂತ ಕಳಿಸಿದ್ರ ಹೆಸರ ಕಳಕೊಂಡು ಬಂದ್ರೆಲ್ರಿ. ಈಗ ಯಾರ ಹೆಸರು ಹಾಕೂದು?"

"ಫೋಟೋ ಬೀರಪ್ಪನ ಮನೆಯದು. ಅವರು ಹೇಳಬೇಕು."

ಬೀರಪ್ಪ ಹೇಳಲು ಸಮಯ ತೆಗೆದುಕೊಂಡರು. ಆಮಂತ್ರಣ ಪತ್ರಿಕೆಯ ಪ್ರೆಸ್ಸಿನವರು ಶೈಲಜಾಗೆ ದಿನವೂ ಫೋನ್ ಮಾಡುತ್ತಿದ್ದರು, ಶೈಲಜಾ ನನಗೆ. ನೀಲವ್ವ ಎಂದು ಹಾಕಿದರೆ ಒಬ್ಬರು ಬದುಕಿದ್ದೂ ಸಾಯುತ್ತಾರೆ. ಮಾಳವ್ವ ಎಂದು ಹಾಕಿದರೆ ಸತ್ತವರು ಇನ್ನೊಮ್ಮೆ ಸಾಯುತ್ತಾರೆ, ಈ ಸಲ ಮುಖವೂ ಇಲ್ಲದೆ. ಯಾವ ಹೆಸರನ್ನೂ ಹಾಕದಿದ್ದರೆ? ಶೈಲಜಾ ಅದನ್ನು ನನ್ನ ಪ್ರಯೋಗ ಎಂದು ಕರೆದು ತಳ್ಳಿಹಾಕಿದರು.

ಕೊನೆಗೊಂದು ಸಂಜೆ ಎಸ್‌ಟಿಡಿ ಬೂತಿನಿಂದ ಬೀರಪ್ಪನ ಫೋನ್ ಬಂತು.

"ಸರ, ಚಿಗವ್ವನ ಹೆಸರ ಹಾಕ್ರಿ."

"ಖರೇನಾ?"

"ಖರೇನ." ಮೀಟರು ಓಡುವ ಸದ್ದು ಕೇಳುತ್ತಿತ್ತು. "ಹಾರ ಇನ್ನೂ ತಗದಿಲ್ರಿ. ಹೊಸ ಫೋಟೋ ಬಂದೈತಿ, ಇನ್ನೊಂದು ಮೊಳಿ ಹೊಡದೀನಿ. ಆದ್ರ ಆ ಹಾರ ಇಳಸಾಕ ಕೈ ಏಳವಲ್ದು."

ಹಿಂದಿನಿಂದ ಮಾಳವ್ವನ ದನಿ ಕೇಳಿಸಿತು. "ಇರಲಿ ಬಿಡಂತ ಹೇಳೋ ಅವರಿಗೆ. ನನಗ ರೂಢಿ ಆಗೈತಿ."

ಪ್ರದರ್ಶನ ಕಳೆದ ಭಾನುವಾರ ಶುರುವಾಯಿತು. ಕೋಟಿನ ಗಂಡಸರೆಲ್ಲ ಒಂದು ಗೋಡೆಗೆ. ಮೆಟ್ಟಿಲ ಮುಂದಿನ ಹೆಂಗಸರು ಇನ್ನೊಂದು ಗೋಡೆಗೆ. ಅಲುಗಿದ ಫೋಟೋವನ್ನೂ ಇಡಬೇಕೆಂದು ನಾನು ಹಟ ಹಿಡಿದೆ. ಇದು ಕೆಟ್ಟ ಫೋಟೋ, ಜನ ನಗುತ್ತಾರೆ ಎಂದು ಶೈಲಜಾ ವಾದಿಸಿದರು. ಕೊನೆಗೆ ಬೀರಪ್ಪನ ಒಪ್ಪಿಗೆ ಕೇಳಿ, ಎರಡನ್ನೂ ಅಕ್ಕಪಕ್ಕ ತೂಗುಹಾಕಿದೆವು. ಎರಡರ ಶೀರ್ಷಿಕೆಯೂ ನನ್ನದೇ.

ಚೌಕಳಿ ಸೀರೆಯ ಕೆಳಗೆ: "ಮಾಳವ್ವ, ಖಾನಾಪುರ. ಇದ್ದಾರೆ."

ಇಳಕಲ್ ಸೀರೆಯ ಕೆಳಗೆ: "ನೀಲವ್ವನ ಸೀರೆ, ಬಳೆ, ನತ್ತು."

ಸಮಾಜದ ಹೆಸರು ಬಿಟ್ಟಿದ್ದೇನೆ. ಶೈಲಜಾ ಪೆನ್ನಿನಲ್ಲಿ ಸೇರಿಸಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಮಾಳವ್ವ, ಬೀರಪ್ಪ ಬಂದರು. ಮಾಳವ್ವ ಹೊಸ ಸೀರೆ ಉಟ್ಟಿದ್ದರು. ಜೊತೆಗೆ ತವರಮನೆಯ ನಾಲ್ಕಾರು ಮಂದಿ. ಅವರಲ್ಲೊಬ್ಬರು ಶೀರ್ಷಿಕೆಯನ್ನು ಜೋರಾಗಿ ಓದಿ ಹೇಳಿದರು. ಮಾಳವ್ವ ತಮ್ಮ ಫೋಟೋವನ್ನು ಮೇಲಿನಿಂದ ಕೆಳಗೆ ನೋಡಿದರು. ನತ್ತು ಇಲ್ಲದ ಹೊಸ ಪ್ರಿಂಟು.

"ಛಲೋ ಆಗೈತಿ ತಮ್ಮಾ" ಅಂದರು ನನಗೆ. "ಹಾರ ಇಲ್ದ ಬೋಳ ಬೋಳ ಕಾಣತೈತಿ, ಅಷ್ಟ."

ಆಮೇಲೆ ಕೋಟಿನ ಗಂಡಸರ ಕಡೆ ಹೋಗಿ, ತವರಿನವರಿಗೆ ತಮ್ಮ ಗಂಡನನ್ನು ತೋರಿಸುತ್ತ ನಿಂತರು.

ಬೀರಪ್ಪ ಎರಡು ಫೋಟೋಗಳ ಮುಂದೆ ಒಬ್ಬರೇ ಉಳಿದರು. ಮೊದಲು ಅಲುಗಿದ ಫೋಟೋದ ಮುಂದೆ ನಿಂತರು. ಬಾಗಿ ಬಳೆ ನೋಡಿದರು. ಆಮೇಲೆ ಒಂದು ಹೆಜ್ಜೆ ಬದಿಗೆ ಸರಿದು ಚೌಕಳಿ ಸೀರೆಯ ಮುಂದೆ ಬಂದರು. ಅಲ್ಲಿ ಕಾಲು ತಾವಾಗಿಯೇ ಚಪ್ಪಲಿ ಬಿಟ್ಟವು. ಕೈ ತಾವಾಗಿಯೇ ಮುಗಿದವು. ಕಣ್ಣು ಮುಚ್ಚಿದ್ದವು. ಪಗಾರ ಆದ ದಿನ ಹೇಗೆ ಅನ್ನುತ್ತಿದ್ದರೋ ಹಾಗೇ ಅಂದರು, ಮೆಲ್ಲಗೆ:

"ಅವ್ವಾ."

ಅತ್ತ ಕೋಟುಗಳ ಕಡೆ ಮುಖ ಮಾಡಿ ನಿಂತಿದ್ದ ಮಾಳವ್ವ ತಿರುಗದೆಯೇ ಅಂದರು: "ಹೂಂ, ಏನಪ?"

ನಾನು ಕಿವಿಯಾರೆ ಕೇಳಿದ್ದೇನೆ. ನನ್ನ ಪಕ್ಕದಲ್ಲೇ ನಿಂತಿದ್ದ ಶೈಲಜಾ ಹೇಳುವುದು ಬೇರೆ. ಮಾಳವ್ವ ಏನೂ ಅನ್ನಲಿಲ್ಲವಂತೆ, ಕೆಮ್ಮಿದರಂತೆ.

ಈಗ ಹೇಳಿ, ಇದಕ್ಕೆ ನಾನು ಏನೆಂದು ಶೀರ್ಷಿಕೆ ಬರೆಯಲಿ?